ಸತ್ತವಳು ಯಾರು? 'ದಿ ಸೀಕ್ರೆಟ್' ಚಿತ್ರದ ಒಂದು ಪ್ರಕರಣ ಅಧ್ಯಯನ

ಹಾಂಗ್‌ಕಾಂಗ್ ದ್ವೀಪದ ಪಶ್ಚಿಮ ಭಾಗದಲ್ಲಿ, ಅಲ್ಲಿನ ವಿಶ್ವವಿದ್ಯಾಲಯದ ಹಿಂಬದಿಗೆ ಒಂದು ಕುರುಚಲು ಕಾಡಿನ ಬೆಟ್ಟವಿದೆ. ಅದರ ಹೆಸರು ಲುಂಗ್ ಫು ಶಾನ್. ಡ್ರ್ಯಾಗನ್ ಮತ್ತು ಹುಲಿಯ ಬೆಟ್ಟ ಎಂಬುದು ಆ ಹೆಸರಿನ ಅರ್ಥ. ಎತ್ತರ ಸುಮಾರು 250 ಮೀಟರ್, ಅಷ್ಟೇ. ಕೆಳಗಿನ ಕಿಕ್ಕಿರಿದ ಬೀದಿಗಳಿಂದ ಮೆಟ್ಟಿಲು ಹತ್ತಿ ಹೊರಟವರು ಸ್ವಲ್ಪ ಹೊತ್ತಿನಲ್ಲೇ ಮರಗಳ ನಡುವೆ ಇರುತ್ತಾರೆ. 1970ರಲ್ಲಿ ಈ ಬೆಟ್ಟದಲ್ಲಿ ಒಬ್ಬ ಯುವಕ ಮತ್ತು ಒಬ್ಬ ಯುವತಿ ಕೊಲೆಯಾದರು, ಮತ್ತು ಆ ಜೋಡಿ ಕೊಲೆ ಊರಿನ ನೆನಪಿನಲ್ಲಿ ಉಳಿದುಬಿಟ್ಟಿತು. ಒಂಬತ್ತು ವರ್ಷಗಳ ಮೇಲೆ, 1979ರಲ್ಲಿ, ಆನ್ ಹುಯಿ ಎಂಬ ನಿರ್ದೇಶಕಿ ತಮ್ಮ ಮೊದಲ ಕಥಾಚಿತ್ರಕ್ಕೆ ಆ ಘಟನೆಯನ್ನೇ ಬುನಾದಿಯಾಗಿ ಆರಿಸಿಕೊಂಡರು. ಚಿತ್ರಕಥೆ ಜಾಯ್ಸ್ ಚಾನ್ ಅವರದು. ಇಂಗ್ಲಿಷಿನಲ್ಲಿ ಚಿತ್ರದ ಹೆಸರು 'ದಿ ಸೀಕ್ರೆಟ್', ಊರಿನ ಜನರ ಮಾತಾದ ಕ್ಯಾಂಟನೀಸ್‌ನಲ್ಲಿ 'ಫುಂಗ್ ಗಿಪ್'.

ನಾನು ಇಲ್ಲಿ ಪರಿಶೀಲಿಸಲು ಹೊರಟಿರುವ ಪ್ರಕರಣ ಬೆಟ್ಟದ ಮೇಲಿನ ನಿಜವಾದ ಕೊಲೆಯಲ್ಲ. ಅಲ್ಲಿ ಪ್ರಾಣ ಕಳೆದುಕೊಂಡವರು ಖಾಸಗಿ ವ್ಯಕ್ತಿಗಳು, ಅವರ ದುಃಖವನ್ನು ಕೆದಕುವ ಅಧಿಕಾರ ನನಗಿಲ್ಲ. ಚಿತ್ರವೂ ಆ ಘಟನೆಯ ದಾಖಲೆಯಲ್ಲ, ಅದರಿಂದ ಮೊಳೆತ ಕಲ್ಪಿತ ಕಥೆ. ನನ್ನ ಆಸಕ್ತಿ ಇರುವುದು ಆ ಕಲ್ಪಿತ ಕಥೆಯ ಒಳಗಿನ ಒಂದೇ ಒಂದು ಸನ್ನಿವೇಶದಲ್ಲಿ: ಒಂದು ಶವಕ್ಕೆ ತಪ್ಪು ಹೆಸರು ಹೇಗೆ ಬಂತು, ಆ ಹೆಸರು ಅಷ್ಟು ಕಾಲ ಏಕೆ ನಿಂತಿತು, ಮತ್ತು ಅದು ಯಾರ ಕೈಯಲ್ಲಿ ಕಳಚಿತು ಎಂಬುದರಲ್ಲಿ. ಇದನ್ನು ಚರ್ಚಿಸಬೇಕಾದರೆ ಚಿತ್ರದ ಗುಟ್ಟನ್ನು ಬಿಟ್ಟುಕೊಡಲೇಬೇಕಾಗುತ್ತದೆ. ಗುಟ್ಟು ಗೊತ್ತಿದ್ದೇ ಎರಡನೆಯ ಸಲ ನೋಡಿದಾಗ ಈ ಚಿತ್ರ ಹೆಚ್ಚು ತೆರೆದುಕೊಳ್ಳುತ್ತದೆ ಎಂಬುದು ನನ್ನ ಅನುಭವವಾದ್ದರಿಂದ, ಅದನ್ನು ಸಂಕೋಚವಿಲ್ಲದೆ ಮಾಡುತ್ತಿದ್ದೇನೆ.

ಸನ್ನಿವೇಶ

ಯುವಾನ್ ಎಂಬ ಯುವತಿಗೆ ಮದುವೆ ನಿಶ್ಚಯವಾಗಿದೆ. ಅವಳೂ ಅವಳನ್ನು ಮದುವೆಯಾಗಬೇಕಿದ್ದವನೂ ಬೆಟ್ಟದಲ್ಲಿ ಕೊಲೆಯಾಗಿ ಬಿದ್ದಿದ್ದಾರೆ ಎಂಬ ಸುದ್ದಿ ಬರುತ್ತದೆ. ಯುವತಿಯ ಮುಖ ಗುರುತು ಹಿಡಿಯಲಾರದಷ್ಟು ಜಜ್ಜಿಹೋಗಿದೆ. ಆದರೂ ಮೈಮೇಲಿನ ಬಟ್ಟೆ ಮತ್ತು ಜೊತೆಗೆ ಸಿಕ್ಕ ಗಂಡಿನ ಶವ ಇವೆರಡನ್ನೂ ಕೂಡಿಸಿದರೆ ಅವಳು ಯಾರೆಂಬ ಬಗ್ಗೆ ಯಾರಿಗೂ ಅನುಮಾನ ಉಳಿಯುವುದಿಲ್ಲ. ಕೇರಿಯಲ್ಲಿ ಅಲೆದಾಡಿಕೊಂಡಿದ್ದ, ಬುದ್ಧಿ ಸ್ವಾಧೀನದಲ್ಲಿಲ್ಲದ ಒಬ್ಬ ಯುವಕನ ಮೇಲೆ ಪೊಲೀಸರ ಕಣ್ಣು ಬಿದ್ದು, ಅವನು ಆರೋಪಿಯಾಗುತ್ತಾನೆ. ಕೊಲೆಯಾದವರಿಬ್ಬರೂ ಸಿಕ್ಕಿದ್ದಾರೆ, ಕೊಂದವನೂ ಸಿಕ್ಕಿದ್ದಾನೆ. ಕಡತದ ಮಟ್ಟಿಗೆ ಇದು ಮುಗಿದ ಪ್ರಕರಣ.

ಆದರೆ ಯುವಾನ್‌ಳ ಮನೆಯಲ್ಲಿ ಕಣ್ಣು ಕಾಣದ ಒಬ್ಬ ಅಜ್ಜಿ ಇದ್ದಾಳೆ, ಮತ್ತು ನೆರೆಯಲ್ಲಿ ಮಿಂಗ್ ಎಂಬ ನರ್ಸ್ ಇದ್ದಾಳೆ. ಸತ್ತವಳನ್ನು ಕೇರಿಯಲ್ಲಿ ಕಂಡೆವು ಎನ್ನುವ ಮಾತು ಹುಟ್ಟುತ್ತದೆ. ದೆವ್ವವೆಂದು ಜನ ಹೆದರುತ್ತಾರೆ. ಮಿಂಗ್ ಸಹ ಹೆದರುತ್ತಾಳೆ, ಆದರೆ ಹೆದರಿಕೆಯ ಜೊತೆಗೆ ಅವಳು ಲೆಕ್ಕವನ್ನೂ ಹಾಕುತ್ತಾಳೆ. ಸತ್ತವನ ಬದುಕಿನಲ್ಲಿ ಇನ್ನೊಬ್ಬ ಹೆಂಗಸು ಇದ್ದಳೆಂಬುದು ಸ್ವಲ್ಪಸ್ವಲ್ಪವಾಗಿ ತಿಳಿಯುತ್ತದೆ. ಕೊನೆಗೆ ಹೊರಬೀಳುವ ಸತ್ಯವೇನೆಂದರೆ, ಬೆಟ್ಟದಲ್ಲಿ ಸಿಕ್ಕ ಹೆಣ್ಣಿನ ಶವ ಆ ಇನ್ನೊಬ್ಬಳದು. ಯುವಾನ್ ಬದುಕಿದ್ದಾಳೆ, ಅಡಗಿಕೊಂಡಿದ್ದಾಳೆ, ಮತ್ತು ಗರ್ಭಿಣಿಯಾಗಿದ್ದಾಳೆ.

ಮಿಂಗ್ ಆಗಿ ಸಿಲ್ವಿಯಾ ಚಾಂಗ್, ಯುವಾನ್ ಆಗಿ ಆಂಜೀ ಚಿಯು, ಆಕೆಯ ನಿಶ್ಚಿತ ವರನಾಗಿ ಅಲೆಕ್ಸ್ ಮಾನ್ ನಟಿಸಿದ್ದಾರೆ. ಕಿರುತೆರೆಯ ಮೂಲಕ ಮನೆಮಾತಾಗುತ್ತಿದ್ದ ಆಂಜೀ ಚಿಯು ಅವರ ಸೌಮ್ಯ ಮುಖವನ್ನು ಈ ಪಾತ್ರಕ್ಕೆ ಆರಿಸಿದ್ದರಲ್ಲೇ ಅರ್ಧ ಗುಟ್ಟು ಅಡಗಿದೆ. ಆ ಮುಖವನ್ನು ನೋಡಿದ ಪ್ರೇಕ್ಷಕನು ಅವಳನ್ನು ಅನ್ಯಾಯಕ್ಕೆ ಈಡಾದವಳೆಂದು ನಂಬಲು ಮೊದಲೇ ಸಿದ್ಧನಾಗಿರುತ್ತಾನೆ, ಪೊಲೀಸರೂ ನಂಬಿದಂತೆ.

ಹೆಸರಿನೊಳಗಿನ ಸುಳಿವು

ಕ್ಯಾಂಟನೀಸ್ ಹೆಸರಿನ ಬಗ್ಗೆ ಕನ್ನಡ ಓದುಗರಿಗೆ ಒಂದು ಮಾತು ಹೇಳಲೇಬೇಕು. 'ಫುಂಗ್' ಎಂದರೆ ಹುಚ್ಚು. 'ಗಿಪ್' ಎಂಬ ಅಕ್ಷರಕ್ಕೆ ಮೂಲದಲ್ಲಿ ಬಲಾತ್ಕಾರ, ಸುಲಿಗೆ ಎಂಬ ಅರ್ಥಗಳಿದ್ದವು. ಬೌದ್ಧ ಗ್ರಂಥಗಳು ಚೀನೀ ಭಾಷೆಗೆ ಬಂದಾಗ ಸಂಸ್ಕೃತದ 'ಕಲ್ಪ' ಎಂಬ ಪದವನ್ನು ಬರೆಯಲು ಇದೇ ಅಕ್ಷರವನ್ನು ಬಳಸಿದರು. ಕಲ್ಪದ ಕೊನೆಗೆ ಬರುವ ವಿನಾಶದ ನೆನಪು ಅದಕ್ಕೆ ಅಂಟಿಕೊಂಡು, ತಪ್ಪಿಸಿಕೊಳ್ಳಲಾಗದ ವಿಪತ್ತು, ಹಣೆಯಲ್ಲಿ ಬರೆದ ಕೇಡು ಎಂಬ ಅರ್ಥ ಬೆಳೆಯಿತು. ನಾವು ಸಂಕಲ್ಪ ಮಾಡುವಾಗ 'ಶ್ವೇತವರಾಹ ಕಲ್ಪೇ' ಎಂದು ಉಚ್ಚರಿಸುವ ಅದೇ ಪದ ಅಷ್ಟು ದೂರ ಹೋಗಿ ಒಂದು ಕೊಲೆಯ ಚಿತ್ರದ ಹೆಸರಿನಲ್ಲಿ ಕುಳಿತಿದೆ.

ಇದು ಕೇವಲ ಪದದ ಕುತೂಹಲವಲ್ಲ. ಹುಚ್ಚು ಎಂಬ ಮೊದಲ ಪದ ಕೇಳಿದೊಡನೆ ನಮ್ಮ ಮನಸ್ಸು ಆ ಬಡ ಆರೋಪಿಯ ಕಡೆಗೆ ಹೋಗುತ್ತದೆ. ಚಿತ್ರ ಮುಗಿಯುವ ಹೊತ್ತಿಗೆ ಆ ಪದ ಅವನನ್ನು ಬಿಟ್ಟು ಬೇರೆಯವರ ಮೇಲೆ ಕೂತಿರುತ್ತದೆ. ನಿಶ್ಚಯವಾದ ಮದುವೆ, ಮೋಸ ಮಾಡಿದ ಗಂಡು, ಹೊಟ್ಟೆಯಲ್ಲಿ ಬೆಳೆಯುತ್ತಿರುವ ಮಗು, ಎದುರಿಗೆ ನಿಂತ ಮತ್ತೊಬ್ಬ ಹೆಣ್ಣು, ಇವೆಲ್ಲ ಒಟ್ಟುಗೂಡಿ ಹುಟ್ಟಿಸಿದ ಹುಚ್ಚು ಅದು. ವೈದ್ಯರು ಹೆಸರಿಡುವ ಕಾಯಿಲೆ ಅಲ್ಲ. ಮಾನಸಿಕ ಅಸ್ವಸ್ಥನನ್ನು ಸುಲಭದ ಆರೋಪಿಯನ್ನಾಗಿ ತೋರಿಸುವ ರೂಢಿ ಪತ್ತೇದಾರಿ ಚಿತ್ರಗಳಲ್ಲಿ ಹಳೆಯದು, ನನಗೆ ಅದು ಎಂದೂ ಒಪ್ಪಿಗೆಯಾಗಿಲ್ಲ. ಇಲ್ಲಿ ಆ ರೂಢಿಯನ್ನು ಬಳಸಿಕೊಂಡು ಅದನ್ನೇ ಸುಳ್ಳಾಗಿಸಿರುವುದರಿಂದ, ಅದನ್ನು ನಂಬಿದ ನಮ್ಮ ಮೇಲೆಯೇ ತಪ್ಪು ಹೊರಿಸಿದಂತಾಗುತ್ತದೆ.

ಪತ್ತೇದಾರಿಕೆ ಮನೆಯೊಳಗೆ ಬಂದ ಬಗೆ

ಈ ಚಿತ್ರ ಎಲ್ಲಿಂದ ಬಂತು ಎಂದು ತಿಳಿಯಲು ಕ್ಯಾಂಟನೀಸ್ ಸಿನಿಮಾದ ಎರಡು ಹಳೆಯ ಧಾರೆಗಳನ್ನು ನೋಡಬೇಕು. ಒಂದು, ಕುಟುಂಬದ ಕಥೆ. 1952ರಲ್ಲಿ ಕಲಾವಿದರು ಮತ್ತು ತಂತ್ರಜ್ಞರು ತಾವೇ ಕೂಡಿ ಕಟ್ಟಿದ ಯೂನಿಯನ್ ಫಿಲ್ಮ್ ಎಂಟರ್‌ಪ್ರೈಸ್ ಎಂಬ ಸಂಸ್ಥೆ, 1953ರಲ್ಲಿ ಬಾ ಜಿನ್ ಅವರ ಕಾದಂಬರಿಯನ್ನು ಆಧರಿಸಿದ 'ಫ್ಯಾಮಿಲಿ'ಯಿಂದ ಆರಂಭಿಸಿ, ತಂದೆ ಮಕ್ಕಳು, ಅತ್ತೆ ಸೊಸೆಯರು, ಒಂದೇ ಮಹಡಿಯನ್ನು ಹಂಚಿಕೊಂಡ ಬಾಡಿಗೆದಾರರು ಇವರ ಬದುಕನ್ನು ಗಂಭೀರವಾಗಿ ಚಿತ್ರಿಸಿತು. ಇನ್ನೊಂದು, ರಹಸ್ಯ ಮತ್ತು ಸಾಹಸದ ಕಥೆ. ಅದರ ಹೊಳಪಿನ ಉದಾಹರಣೆ ಚೋರ್ ಯುವೆನ್ ಅವರು 1965ರಲ್ಲಿ ನಿರ್ದೇಶಿಸಿದ 'ದಿ ಬ್ಲ್ಯಾಕ್ ರೋಸ್'. ಹಗಲಲ್ಲಿ ಸಿರಿವಂತ ಕುಟುಂಬದ ಹೆಣ್ಣುಮಕ್ಕಳಾಗಿ, ರಾತ್ರಿ ಉಳ್ಳವರಿಂದ ಕದ್ದು ಇಲ್ಲದವರಿಗೆ ಹಂಚುವ ಇಬ್ಬರು ಸೋದರಿಯರ ಕಥೆ ಅದು. ಅಲ್ಲಿಯೂ ರಹಸ್ಯದ ಬಾಗಿಲು ತೆರೆಯುವುದು ಒಂದು ಮನೆಯೊಳಗೇ.

1970ರ ದಶಕದ ಆರಂಭದಲ್ಲಿ ಈ ಎರಡು ಧಾರೆಗಳೂ ಬತ್ತಿದವು. ಚೀನಾದ ಅಧಿಕೃತ ಭಾಷೆಯಾದ ಮ್ಯಾಂಡರಿನ್‌ನ ಚಿತ್ರಗಳ ಅಬ್ಬರ ಮತ್ತು ಮನೆಮನೆಗೂ ಬಂದ ಟೆಲಿವಿಷನ್ ಇವುಗಳ ನಡುವೆ ಸಿಕ್ಕಿ, 1972ರ ವೇಳೆಗೆ ಕ್ಯಾಂಟನೀಸ್ ಚಿತ್ರಗಳ ತಯಾರಿಕೆ ನಿಂತೇಹೋಯಿತು. ಮರುವರ್ಷ ಅದೇ ಚೋರ್ ಯುವೆನ್ ಅವರ 'ದಿ ಹೌಸ್ ಆಫ್ 72 ಟೆನೆಂಟ್ಸ್' ಗೆದ್ದ ಮೇಲೆ ಆ ಭಾಷೆ ಮತ್ತೆ ಬೆಳ್ಳಿತೆರೆಗೆ ಬಂತು. ತಮ್ಮ ಊರಿನಲ್ಲಿ ತಮ್ಮ ಮಾತೇ ಚಿತ್ರಮಂದಿರದಲ್ಲಿ ಕೇಳಿಸದ ಆ ಅವಧಿ ಅಲ್ಲಿಯ ಜನರಿಗೆ ಎಂಥದಾಗಿತ್ತೆಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಚಿತ್ರರಂಗವನ್ನು ಸೊರಗಿಸಿದ ಟೆಲಿವಿಷನ್ನೇ ಅದಕ್ಕೆ ಹೊಸ ತಲೆಮಾರನ್ನೂ ಕೊಟ್ಟಿತು. ಆನ್ ಹುಯಿ ಹಾಂಗ್‌ಕಾಂಗ್ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಓದಿದವರು. ಲಂಡನ್ ಫಿಲ್ಮ್ ಸ್ಕೂಲಿನಲ್ಲಿ ಕಲಿತು 1975ರಲ್ಲಿ ಊರಿಗೆ ಮರಳಿ, ಚಿತ್ರ ನಿರ್ದೇಶಕ ಕಿಂಗ್ ಹು ಅವರ ಬಳಿ ಕೆಲವು ಕಾಲ ಸಹಾಯಕಿಯಾಗಿದ್ದು, ಬಳಿಕ ಟಿವಿಬಿ ವಾಹಿನಿಗೆ ಸೇರಿದರು. 1974ರಲ್ಲಿ ಸ್ಥಾಪನೆಯಾಗಿದ್ದ ಭ್ರಷ್ಟಾಚಾರ ನಿಗ್ರಹ ಆಯೋಗಕ್ಕಾಗಿ ಅವರು ಆರು ಕಥಾ ಕಂತುಗಳನ್ನು ಮಾಡಿದರು, ಅವುಗಳಲ್ಲಿ ಎರಡನ್ನು ಆಗ ಪ್ರಸಾರವಾಗಲು ಬಿಡಲಿಲ್ಲ. ನಂತರ 'ಬಿಲೋ ದ ಲಯನ್ ರಾಕ್' ಸರಣಿಗಾಗಿಯೂ ಕೆಲಸ ಮಾಡಿದರು. ನಿಜವಾದ ಬೀದಿಗಳಲ್ಲಿ, ನಿಜವಾದ ಪ್ರಕರಣಗಳಿಂದ ಕಥೆ ಹೆಣೆಯುವ ಕೈಚಳಕ ಅವರಿಗೆ ಬಂದದ್ದು ಅಲ್ಲಿಂದ. 'ದಿ ಸೀಕ್ರೆಟ್' ಬಂದ ವರ್ಷವೇ ತ್ಸುಯಿ ಹಾರ್ಕ್ ಅವರ 'ದಿ ಬಟರ್‌ಫ್ಲೈ ಮರ್ಡರ್ಸ್' ಮತ್ತು ಅಲೆಕ್ಸ್ ಚೆಯುಂಗ್ ಅವರ 'ಕಾಪ್ಸ್ ಆ್ಯಂಡ್ ರಾಬರ್ಸ್' ಬಂದವು. ವಿಮರ್ಶಕರು ಹಾಂಗ್‌ಕಾಂಗ್ ಹೊಸ ಅಲೆ ಎಂದು ಕರೆದದ್ದು ಶುರುವಾದದ್ದು ಹೀಗೆ.

ಹೊಸ ಅಲೆಯೆಂದರೂ ಆನ್ ಹುಯಿ ಹಳೆಯ ಕುಟುಂಬದ ಕಥೆಯನ್ನು ಕೈಬಿಡಲಿಲ್ಲ, ಅದನ್ನು ತನಿಖೆಯ ವಿಧಾನವನ್ನಾಗಿ ಮಾಡಿಕೊಂಡರು. ಸಾಮಾನ್ಯವಾಗಿ ಪತ್ತೇದಾರನು ಹೊರಗಿನವನು: ಮನೆಗೆ ಬರುತ್ತಾನೆ, ಪ್ರಶ್ನೆ ಕೇಳುತ್ತಾನೆ, ಉತ್ತರ ಪಡೆದು ಹೋಗುತ್ತಾನೆ. ಮಿಂಗ್ ಹಾಗಲ್ಲ. ಅವಳಿಗೆ ಯುವಾನ್ ಗೊತ್ತು, ಯುವಾನ್‌ಳ ಅಜ್ಜಿ ಗೊತ್ತು, ಆ ಮನೆಯ ನಡೆನುಡಿ ಗೊತ್ತು. ಪೊಲೀಸರು ಶವದ ಮೇಲಿನ ಬಟ್ಟೆಯನ್ನು ಸಾಕ್ಷ್ಯವಾಗಿ ನೋಡುತ್ತಾರೆ. ಬಟ್ಟೆಯನ್ನು ಒಬ್ಬರು ಇನ್ನೊಬ್ಬರಿಗೆ ತೊಡಿಸಬಹುದು ಎಂಬ ಯೋಚನೆ ಬರಬೇಕಾದರೆ ಬಟ್ಟೆ ತೊಟ್ಟವಳ ಪರಿಚಯ ಇರಬೇಕು. ಮಿಂಗ್ ನರ್ಸ್ ಆಗಿರುವುದೂ ಆಕಸ್ಮಿಕವಲ್ಲ. ಹುಟ್ಟು, ಕಾಯಿಲೆ, ಸಾವು ಮೂರನ್ನೂ ದಿನವೂ ಕೈಯಲ್ಲಿ ಮುಟ್ಟುವವಳು ಅವಳು. ಹೆಣ್ಣಿನ ದೇಹವನ್ನು ನಾಚಿಕೆಯಿಲ್ಲದೆ, ಹೇಸಿಗೆಯಿಲ್ಲದೆ, ಕರುಣೆಯಿಂದ ನೋಡಬಲ್ಲ ಕಣ್ಣು ಅವಳದು.

ಕಾಣದ ಅಜ್ಜಿ, ಕಂಡ ದೆವ್ವ

ನನ್ನ ದೃಷ್ಟಿಯಲ್ಲಿ ಚಿತ್ರದ ಜೀವ ಇರುವುದು ಅಜ್ಜಿಯ ಸುತ್ತ. ಗುರುತಿಸುವಿಕೆಯೇ ಕೇಂದ್ರವಾದ ಕಥೆಯಲ್ಲಿ, ಸತ್ತವಳಿಗೆ ಅತ್ಯಂತ ಹತ್ತಿರದವಳು ಕುರುಡಿ. ಮುಖವಿಲ್ಲದ ಶವ ಒಂದು ಕಡೆ, ಕಣ್ಣಿಲ್ಲದ ಅಜ್ಜಿ ಇನ್ನೊಂದು ಕಡೆ. ಕಣ್ಣಿದ್ದವರೆಲ್ಲ ಬಟ್ಟೆ ನೋಡಿ ಮೋಸಹೋದರು. ಅಜ್ಜಿ ಮೊಮ್ಮಗಳನ್ನು ಬಲ್ಲದ್ದು ಹೆಜ್ಜೆಯ ಸಪ್ಪಳದಿಂದ, ಕೈಯ ಸ್ಪರ್ಶದಿಂದ, ಮನೆಯೊಳಗೆ ಅವಳು ಓಡಾಡುವ ರೀತಿಯಿಂದ. ಹೀಗಾಗಿ ಮನೆಯಲ್ಲಿ ಯಾರೋ ಇದ್ದಾರೆಂಬ ಭಾವನೆ ಬಂದಾಗ ಅದನ್ನು ಮುದುಕಿಯ ಭ್ರಮೆಯೆಂದು ತಳ್ಳಿಹಾಕುವುದು ಸುಲಭ, ಅದೇ ನಿಜವೂ ಆಗಿರುವ ಸಾಧ್ಯತೆ ನೋಡುವವನನ್ನು ಕೊರೆಯುತ್ತದೆ.

ಇಲ್ಲಿ ಕ್ಯಾಂಟನೀಸ್ ಜನರ ನಂಬಿಕೆಯೊಂದನ್ನು ತಿಳಿದಿರಬೇಕು. ಸತ್ತ ಏಳನೆಯ ದಿನ ಆತ್ಮ ತನ್ನ ಮನೆಗೆ ಒಮ್ಮೆ ಮರಳುತ್ತದೆ ಎಂದು ಅವರು ನಂಬುತ್ತಾರೆ. ಅಂದು ಅದಕ್ಕೆ ಊಟ ಇಡುತ್ತಾರೆ, ಕಾಗದದ ಕಾಣಿಕೆ ಸುಡುತ್ತಾರೆ. ಕಾಗೆ ಪಿಂಡ ಮುಟ್ಟಿತೇ ಇಲ್ಲವೇ ಎಂದು ಕಾದು ನಿಲ್ಲುವ ನಮ್ಮವರಿಗೆ ಈ ಕಾಯುವಿಕೆ ಅಪರಿಚಿತವಲ್ಲ. ಇಂಥ ಕೇರಿಯಲ್ಲಿ ಸತ್ತವಳು ಕಾಣಿಸಿಕೊಂಡರೆ ಅವಳು ಬದುಕಿರಬಹುದು ಎಂಬ ಆಲೋಚನೆ ಯಾರಿಗೂ ಮೊದಲು ಬರುವುದಿಲ್ಲ. ದೆವ್ವದ ವಿವರಣೆ ಸಿದ್ಧವಾಗಿಯೇ ಇರುತ್ತದೆ. ಯುವಾನ್‌ಳನ್ನು ಅಷ್ಟು ದಿನ ಅಡಗಿಸಿಟ್ಟದ್ದು ಯಾವುದೋ ಗುಹೆಯೋ ಬೀಗದ ಕೋಣೆಯೋ ಅಲ್ಲ, ಈ ನಂಬಿಕೆ. ಚಿತ್ರ ಆ ನಂಬಿಕೆಯನ್ನು ಹಗುರವಾಗಿ ಕಾಣುವುದಿಲ್ಲ ಎಂಬುದು ನನಗೆ ಮೆಚ್ಚುಗೆಯಾದ ಸಂಗತಿ. ದೆವ್ವ ಇರಲಿಲ್ಲವೆಂದು ಗೊತ್ತಾದ ಮೇಲೂ ಜನರ ಭಯ ತಪ್ಪಾಗಿತ್ತೆಂದು ಅನ್ನಿಸುವುದಿಲ್ಲ. ಅವರು ಹೆದರಿದ ಹೆಂಗಸು ನಿಜಕ್ಕೂ ಹೆದರಬೇಕಾದವಳೇ ಆಗಿದ್ದಳು.

ಕಥೆ ನೇರವಾಗಿ ಸಾಗುವುದಿಲ್ಲ. ಬೇರೆ ಬೇರೆಯವರ ನೆನಪುಗಳ ತುಣುಕುಗಳನ್ನು ಹಿಂದುಮುಂದಾಗಿ ಜೋಡಿಸಲಾಗಿದೆ, ಯಾವ ತುಣುಕು ಯಾವ ಕಾಲದ್ದೆಂದು ಹಲವು ಸಲ ನಾವೇ ಊಹಿಸಬೇಕಾಗುತ್ತದೆ. ಇದರ ಲಾಭ ದೊಡ್ಡದು: ಬದುಕಿದ್ದ ಯುವಾನ್, ಸತ್ತಳೆನ್ನಲಾದ ಯುವಾನ್, ದೆವ್ವವಾಗಿ ಕಂಡ ಯುವಾನ್ ಮೂವರೂ ಒಂದೇ ಬಗೆಯಲ್ಲಿ ತೆರೆಯ ಮೇಲೆ ಬರುವುದರಿಂದ, ಅವಳು ಈಗಲೂ ಉಸಿರಾಡುತ್ತಿದ್ದಾಳೆಂಬ ಸತ್ಯ ಕಣ್ಣೆದುರೇ ಇದ್ದು ಕಾಣದೆ ಹೋಗುತ್ತದೆ. ಆದರೆ ನಡುಭಾಗದಲ್ಲಿ ಈ ಹೆಣಿಗೆ ಅಗತ್ಯಕ್ಕಿಂತ ತೊಡಕಾಗಿದೆ ಎಂದೇ ನನ್ನ ಅಭಿಪ್ರಾಯ. ಒಂದೆರಡು ಕಡೆ ಯಾರ ನೆನಪಿನೊಳಗೆ ಇದ್ದೇವೆಂದು ಹುಡುಕುವ ಗಡಿಬಿಡಿಯಲ್ಲಿ ಆ ಕ್ಷಣದ ದುಃಖ ಕೈತಪ್ಪುತ್ತದೆ. ಮದುವೆಯಾಗಬೇಕಿದ್ದ ಗಂಡಿನ ಪಾತ್ರವೂ ತೆಳುವಾಗಿದೆ. ಇಬ್ಬರು ಹೆಂಗಸರು ಅವನಿಗಾಗಿ ಇಷ್ಟು ದೂರ ಹೋದದ್ದೇಕೆ ಎಂಬುದಕ್ಕೆ ಅವನ ನಡವಳಿಕೆಯಲ್ಲಿ ಸಾಕಷ್ಟು ಕಾರಣ ಸಿಗುವುದಿಲ್ಲ.

ತಪ್ಪು ಹೆಸರು ನಿಂತದ್ದೇಕೆ

ಈಗ ನನ್ನ ಮೂಲ ಪ್ರಶ್ನೆಗೆ ಬರುತ್ತೇನೆ. ಶವದ ಗುರುತು ತಪ್ಪಾಗಲು ಕಾರಣ ಜಜ್ಜಿದ ಮುಖ ಮತ್ತು ಬಟ್ಟೆ. ಆದರೆ ಆ ತಪ್ಪು ಅಷ್ಟು ಕಾಲ ಉಳಿಯಲು ಇವೆರಡೇ ಸಾಲವು. ಒಬ್ಬ ಹೆಂಗಸು ಸತ್ತಿದ್ದಾಳೆ ಎಂದರೆ ಎಲ್ಲೋ ಒಂದು ಕಡೆ ಒಬ್ಬ ಹೆಂಗಸು ಕಾಣೆಯಾಗಿರಲೇಬೇಕು. ಆ ಕಾಣೆಯಾದವಳನ್ನು ಯಾರಾದರೂ ಜೋರಾಗಿ ಕೇಳಿದ್ದರೆ, ಠಾಣೆಯ ಬಾಗಿಲಲ್ಲಿ ಅವಳ ತಾಯಿಯೋ ಅಕ್ಕನೋ ಬಂದು ನಿಂತಿದ್ದರೆ, ಎರಡು ದೂರುಗಳು ಒಂದಕ್ಕೊಂದು ತಾಗಿ ಸತ್ಯ ಮೊದಲ ವಾರದಲ್ಲೇ ಹೊರಬೀಳುತ್ತಿತ್ತು. ಯುವಾನ್‌ಳ ಸಾವಿಗೆ ಒಂದು ಮನೆ ಅಳುತ್ತಿತ್ತು, ಒಂದು ಕೇರಿ ಅಳುತ್ತಿತ್ತು. ಆ ಅಳುವಿನ ಸದ್ದಿನಲ್ಲಿ ಇನ್ನೊಬ್ಬಳ ಇಲ್ಲದಿರುವಿಕೆ ಕೇಳಿಸದೆ ಹೋಯಿತು. ಯುವಾನ್‌ಳ ಅಜ್ಜಿಗೆ, ನೆರೆಯವರಿಗೆ ಸಿಕ್ಕ ಜಾಗ ಆ ಇನ್ನೊಬ್ಬಳ ಕಡೆಯವರಿಗೆ ಚಿತ್ರದಲ್ಲೂ ಸಿಕ್ಕಿಲ್ಲ. ಇದು ಚಿತ್ರದ ಕೊರತೆಯೋ ಅಥವಾ ಅದರ ಅತ್ಯಂತ ಕಠೋರವಾದ ಮಾತೋ ಎಂದು ನಾನು ಬಹಳ ಯೋಚಿಸಿದ್ದೇನೆ. ಎರಡನೆಯದೇ ಎಂದು ಈಗ ಅನ್ನಿಸುತ್ತದೆ.

ಚಿತ್ರ ನಡೆಯುವ ಪಶ್ಚಿಮ ಹಾಂಗ್‌ಕಾಂಗ್‌ನಲ್ಲಿ ಈ ಸಂಗತಿಗೆ ಹಳೆಯ ಬೇರುಗಳಿವೆ. ಅಲ್ಲಿನ ತೈ ಪಿಂಗ್ ಶಾನ್ ಬೀದಿಯಲ್ಲಿ ಕ್ವಾಂಗ್ ಫುಕ್ ಎಂಬ ಗುಡಿಯಿದೆ. 19ನೆಯ ಶತಮಾನದ ನಡುವಿನಲ್ಲಿ, ಊರು ಬಿಟ್ಟು ದುಡಿಯಲು ಬಂದು, ಹತ್ತಿರದ ಬಂಧುಗಳಿಲ್ಲದೆ ಸತ್ತವರ ಹೆಸರಿನ ಫಲಕಗಳನ್ನು ಇಡಲು ಕಟ್ಟಿಸಿದ ಗುಡಿ ಅದು. ಸಾಯುವ ಸ್ಥಿತಿಯಲ್ಲಿದ್ದ ಬಡವರನ್ನೂ ಅಲ್ಲಿಗೇ ತಂದು ಬಿಡತೊಡಗಿದಾಗ ಉಂಟಾದ ಆಕ್ರೋಶವೇ ಮುಂದೆ 1872ರಲ್ಲಿ ತುಂಗ್ ವಾ ಆಸ್ಪತ್ರೆ ತೆರೆಯಲು ಕಾರಣವಾಯಿತು. ಮನೆಯವರಿದ್ದ ಸಾವು ಬೇರೆ, ಮನೆಯವರಿಲ್ಲದ ಸಾವು ಬೇರೆ ಎಂಬ ತಿಳಿವಳಿಕೆ ಆ ಬೀದಿಗಳ ಕಲ್ಲಿನಲ್ಲೇ ಇದೆ. ಬೆಟ್ಟದ ಮೇಲೆ ಸಿಕ್ಕ ಹೆಣ್ಣಿಗೆ ಸಂದ ಕಣ್ಣೀರು ಬೇರೊಬ್ಬಳ ಹೆಸರಿನದು. ಪ್ರಾಣ ತೆಗೆದದ್ದಕ್ಕಿಂತ ಹೆಚ್ಚಿನ ಅನ್ಯಾಯ ಇದು ಎಂದು ಹೇಳಲಾರೆ, ಆದರೆ ಮೊದಲ ಅನ್ಯಾಯದ ಮೇಲೆ ಹೇರಿದ ಎರಡನೆಯ ಅನ್ಯಾಯವಂತೂ ಹೌದು. ಇದನ್ನು ಕಡತದ ಭಾಷೆಯಲ್ಲಿ ಬರೆಯಲು ಯಾವ ಕಲಮೂ ಇಲ್ಲ. ಕುಟುಂಬದ ಕಥೆಯ ಭಾಷೆಯಲ್ಲಿ ಮಾತ್ರ ಇದು ಅಪರಾಧವಾಗಿ ಕಾಣುತ್ತದೆ.

ಮನೆಯೊಳಗೆ ಬಚ್ಚಿಟ್ಟ ಗುರುತಿನ ವಿಷಯ ಆನ್ ಹುಯಿ ಅವರ ಸ್ವಂತ ಬಾಳಿನಲ್ಲೂ ಇದೆ. 1947ರಲ್ಲಿ ಈಶಾನ್ಯ ಚೀನಾದ ಆನ್‌ಶಾನ್‌ನಲ್ಲಿ ಹುಟ್ಟಿದ ಅವರಿಗೆ ತಮ್ಮ ತಾಯಿ ಜಪಾನಿನವರೆಂಬುದು ತಿಳಿದದ್ದು ಹದಿನಾರನೆಯ ವಯಸ್ಸಿನ ಹೊತ್ತಿಗೆ. ಆ ಅನುಭವವನ್ನು ಅವರು ನೇರವಾಗಿ ಕಥೆಯಾಗಿಸಿದ್ದು 1990ರ 'ಸಾಂಗ್ ಆಫ್ ದಿ ಎಕ್ಸೈಲ್' ಚಿತ್ರದಲ್ಲಿ. 'ದಿ ಸೀಕ್ರೆಟ್' ಅದರ ಪ್ರತಿಬಿಂಬ ಎಂದು ನಾನು ವಾದಿಸುವುದಿಲ್ಲ. ಆದರೂ ಒಂದು ಮನೆಯಲ್ಲಿ ಜೊತೆಗೆ ಬಾಳಿದವರೂ ಒಬ್ಬರನ್ನೊಬ್ಬರು ಪೂರ್ತಿಯಾಗಿ ತಿಳಿದಿರುವುದಿಲ್ಲ ಎಂಬ ಅರಿವು ಇಪ್ಪತ್ತು ಮೂವತ್ತು ವರ್ಷ ಅವರನ್ನು ಬಿಡದೆ ಕಾಡಿರುವುದು ಅವರ ಕೃತಿಗಳನ್ನು ಸಾಲಾಗಿ ನೋಡಿದವರಿಗೆ ಗೊತ್ತಾಗುತ್ತದೆ. 2011ರ 'ಎ ಸಿಂಪಲ್ ಲೈಫ್' ಚಿತ್ರದಲ್ಲಿ, ಒಂದೇ ಕುಟುಂಬಕ್ಕೆ ದಶಕಗಳ ಕಾಲ ದುಡಿದ ಮನೆಗೆಲಸದಾಕೆಯ ಮುಪ್ಪನ್ನು ತೋರಿಸುವಾಗಲೂ, ರಕ್ತಸಂಬಂಧ ಇಲ್ಲದವಳಿಗಾಗಿ ಅಳುವವರು ಯಾರು ಎಂಬ ಪ್ರಶ್ನೆಯನ್ನೇ ಅವರು ಮತ್ತೆ ಎತ್ತಿಕೊಂಡರು. ಅಲ್ಲಿ ಅದಕ್ಕೆ ಸಿಕ್ಕ ಉತ್ತರ ಮೃದುವಾದದ್ದು. ಆ ಪಾತ್ರಕ್ಕಾಗಿ ಡೀನೀ ಇಪ್ ವೆನಿಸ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ಪಡೆದರು, ಮತ್ತು 2020ರಲ್ಲಿ ಅದೇ ಉತ್ಸವ ಆನ್ ಹುಯಿ ಅವರಿಗೆ ಜೀವಮಾನ ಸಾಧನೆಯ ಗೋಲ್ಡನ್ ಲಯನ್ ಕೊಟ್ಟು ಗೌರವಿಸಿತು.

1979ರ ಚಿತ್ರದಲ್ಲಿ ಮೃದುವಾದ ಉತ್ತರವಿಲ್ಲ. ಮಿಂಗ್ ಸತ್ಯವನ್ನು ತಲುಪಿದಾಗ ಅವಳ ಎದುರಿಗೆ ನಿಲ್ಲುವುದು ಒಬ್ಬ ಕೊಲೆಗಾರ್ತಿ ಮಾತ್ರವಲ್ಲ, ತುಂಬು ಗರ್ಭಿಣಿಯಾದ ಗೆಳತಿ. ಪತ್ತೇದಾರಿ ಕಥೆಗೆ ಬೇಕಾದದ್ದು ಆ ಹೆಂಗಸಿಗೆ ಶಿಕ್ಷೆ, ಕುಟುಂಬದ ಕಥೆಗೆ ಬೇಕಾದದ್ದು ಆ ಮಗು. ಅಲ್ಲಿಯವರೆಗೆ ಒಂದರ ಕೈ ಒಂದು ಹಿಡಿದು ನಡೆದ ಎರಡು ಕಥೆಗಳು ಆ ಘಳಿಗೆಯಲ್ಲಿ ಒಂದನ್ನೊಂದು ಎಳೆದಾಡುತ್ತವೆ. ಆನ್ ಹುಯಿ ಮತ್ತು ಜಾಯ್ಸ್ ಚಾನ್ ಯಾವುದನ್ನೂ ಬಿಟ್ಟುಕೊಡದೆ ಎರಡನ್ನೂ ಒಂದೇ ರಕ್ತಸಿಕ್ತ ದೃಶ್ಯದೊಳಗೆ ನೂಕುತ್ತಾರೆ. ಆ ದೃಶ್ಯವನ್ನು ನೋಡುವುದು ಕಷ್ಟ. ಅದು ಅತಿಯಾಯಿತು ಎಂದು ಹೇಳುವವರಿದ್ದಾರೆ, ಅವರ ಮಾತನ್ನು ನಾನು ತೆಗೆದುಹಾಕುವುದಿಲ್ಲ. ಆದರೆ ಅಲ್ಲಿ ಹುಟ್ಟಿನ ಕಡೆಗೆ ಚಾಚಿದ ಕೈ ಒಬ್ಬ ನರ್ಸಿನದು ಎಂಬುದನ್ನು ಮರೆಯಬಾರದು. ಬಟ್ಟೆಯಿಂದ ಗುರುತಿಸಿದ ಒಂದು ಶವದೊಡನೆ ಆರಂಭವಾದ ಕಥೆ, ಇನ್ನೂ ಬಟ್ಟೆಯನ್ನೂ ತೊಡದ, ಹೆಸರನ್ನೂ ಪಡೆಯದ ಒಂದು ಜೀವದ ಮುಂದೆ ಬಂದು ನಿಲ್ಲುತ್ತದೆ.